ಮೂಗಿನಲ್ಲಿ ಸೀಟು ಹಿಡಿದ ಬ್ಯಾಕ್ಟೀರಿಯ

ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವ ವಿದ್ಯೆ ನಮ್ಮವರಿಗೆ ಕರಗತ. ಆಮೇಲೆ ಹತ್ತಿದವನು ಎಷ್ಟೇ ಗಟ್ಟಿಗನಾಗಿರಲಿ, ನಿಂತೇ ಹೋಗಬೇಕು. ಹೆಚ್ಚು ಕಡಿಮೆ ಇದೇ ವಿದ್ಯೆಯನ್ನು ಅಮೆರಿಕದ ವೈದ್ಯರು 1960ರ ದಶಕದಲ್ಲಿ ಆಗತಾನೇ ಹುಟ್ಟಿದ ಕೂಸುಗಳ ಮೂಗಿನಲ್ಲಿ ಪ್ರಯೋಗಿಸಿದರು ಎಂದರೆ ನೀವು ನಂಬಲಿಕ್ಕಿಲ್ಲ.

ಮಗು ಹುಟ್ಟಿದ ಗಳಿಗೆಯಿಂದಲೇ ಅದರ ಮೈಮೇಲೆ ಬ್ಯಾಕ್ಟೀರಿಯಗಳು ನೆಲೆಯೂರತೊಡಗುತ್ತವೆ. ತಾಯಿಯಿಂದ, ದಾದಿಯ ಕೈಯಿಂದ, ಹೊದಿಕೆಯಿಂದ ಬರುವ ಇವುಗಳಲ್ಲಿ ಬಹುಪಾಲು ನಿರುಪದ್ರವಿಗಳು. ಸ್ಟೆಫಿಲೊಕಾಕಸ್ ಆರಿಯಸ್ ಎಂಬುದು ಹಾಗಲ್ಲ. ಸೂಕ್ಷ್ಮದರ್ಶಕದಲ್ಲಿ ದ್ರಾಕ್ಷಿ ಗೊಂಚಲಿನಂತೆ ಕಾಣುವ ಇದು ಆರೋಗ್ಯವಂತರಾದ ಎಷ್ಟೋ ಮಂದಿಯ ಮೂಗಿನಲ್ಲಿ ಸುಮ್ಮನೆ ಕುಳಿತಿರುತ್ತದೆ. ಕೂಸಿನ ಹೊಕ್ಕುಳಿಗೋ ರಕ್ತಕ್ಕೋ ಸೇರಿದರೆ ಕೀವುಗುಳ್ಳೆ, ನ್ಯುಮೋನಿಯ, ಕೆಲವೊಮ್ಮೆ ಸಾವು.

1950ರ ದಶಕದಲ್ಲಿ ಇದರದೊಂದು ಉಗ್ರ ತಳಿ ಆಸ್ಟ್ರೇಲಿಯ, ಕೆನಡ, ಅಮೆರಿಕಗಳ ಹೆರಿಗೆ ಆಸ್ಪತ್ರೆಗಳಲ್ಲಿ ಹಬ್ಬಿತು. ಹೆಸರು 80/81. ಬ್ಯಾಕ್ಟೀರಿಯಗಳನ್ನೂ ಕೊಲ್ಲುವ ವೈರಸ್‌ಗಳಿವೆ. ಅವಕ್ಕೆ ಫೇಜ್ ಎನ್ನುತ್ತಾರೆ. ಯಾವ ಸಂಖ್ಯೆಯ ಫೇಜ್‌ಗೆ ಬಲಿಯಾಗುತ್ತದೋ ಅದೇ ತಳಿಯ ಗುರುತು. ಪೆನಿಸಿಲಿನ್ ಈ ತಳಿಯ ಮುಂದೆ ನಿಷ್ಪ್ರಯೋಜಕವಾಗಿತ್ತು. ಇನ್ನೂ ಕೆಟ್ಟದ್ದೆಂದರೆ, ವಾರ್ಡಿನಲ್ಲಿ ಚೆನ್ನಾಗಿದ್ದ ಮಗುವಿಗೆ ಮನೆಗೆ ಹೋದ ಮೇಲೆ ಗುಳ್ಳೆ ಏಳುತ್ತಿತ್ತು, ಹಾಲೂಡಿಸುವ ತಾಯಿಯ ಎದೆಯಲ್ಲಿ ಕೀವು ಕಟ್ಟುತ್ತಿತ್ತು. ಆಸ್ಪತ್ರೆಯ ದಾಖಲೆಯಲ್ಲಿ ಮಾತ್ರ ಎಲ್ಲವೂ ಕ್ಷೇಮ!

ನ್ಯೂಯಾರ್ಕಿನಲ್ಲಿ ಹೆನ್ರಿ ಶೈನ್‌ಫೀಲ್ಡ್, ಹೈಂಜ್ ಐಕೆನ್‌ವಾಲ್ಡ್ ಮತ್ತು ಸಂಗಡಿಗರು ಇಂಥ ಸೋಂಕಿನ ಮೂಲ ಹುಡುಕಿದಾಗ ಮೂಗಿನಲ್ಲಿ 80/81 ಹೊತ್ತಿದ್ದ ಒಬ್ಬ ದಾದಿ ಸಿಕ್ಕಳು. ವಿಚಿತ್ರವೆಂದರೆ ಆಕೆ ಮುಟ್ಟಿದ ಮಕ್ಕಳಿಗೆಲ್ಲ ಅದು ಅಂಟಿರಲಿಲ್ಲ. ಹುಟ್ಟಿ ಒಂದು ದಿನವೂ ಆಗದ ಕೂಸುಗಳಿಗೆ ಅಂಟಿತ್ತು. ಬೇರೊಂದು ಸ್ಟೆಫಿಲೊಕಾಕಸ್ ಅದಾಗಲೇ ಮನೆಮಾಡಿದ್ದ, ತುಸು ದೊಡ್ಡ ಕೂಸುಗಳಿಗೆ ಅಂಟಿರಲಿಲ್ಲ. ಹಾಗಾದರೆ ಸಾಧುವಾದ ತಳಿಯೊಂದನ್ನು ನಾವೇ ಮೊದಲು ಕೂರಿಸಿದರೆ? ಇನ್ನೊಬ್ಬ ದಾದಿಯ ಮೂಗಿನಿಂದ ತೆಗೆದ, ಪೆನಿಸಿಲಿನ್‌ಗೆ ಮಣಿಯುವ 502ಎ ಎಂಬ ತಳಿಯನ್ನು ಆರಿಸಿಕೊಂಡು, ಸೋಂಕು ಹಬ್ಬಿದ್ದ ಸಿನ್ಸಿನಾಟಿ ಮೊದಲಾದ ಕಡೆ ಮಕ್ಕಳ ಮೂಗಿಗೂ ಹೊಕ್ಕುಳಿಗೂ ಸವರಿದರು. ಹಾಗೆ ಸವರಿಸಿಕೊಂಡ ಮಕ್ಕಳಲ್ಲಿ 80/81 ನೆಲೆಯೂರುವುದು ಬಹಳ ಕಡಿಮೆಯಾಯಿತು. 1963ರಲ್ಲಿ ಈ ಫಲಿತಾಂಶಗಳು ಪ್ರಕಟವಾದವು.

ಆದರೆ ಸಾಧುವೆಂದು ಕರೆದ ಮಾತ್ರಕ್ಕೆ ಅದು ಸಾಧುವೇ? ಕೆಲವು ಮಕ್ಕಳಿಗೆ 502ಎಯಿಂದಲೇ ಸಣ್ಣಪುಟ್ಟ ಗುಳ್ಳೆಗಳೆದ್ದವು. ಒಂದು ಶಿಶು ಅದರಿಂದಲೇ ರಕ್ತ ನಂಜಾಗಿ ತೀರಿಕೊಂಡ ವರದಿ 1972ರಲ್ಲಿ ಬಂತು. ಕೂಸುಗಳಿಗೆ ಹೆಕ್ಸಾಕ್ಲೊರೊಫೀನ್ ಎಂಬ ಕ್ರಿಮಿನಾಶಕದ ಸ್ನಾನ ಮಾಡಿಸುವ ರೂಢಿಯೂ ಆಗ ಇತ್ತು. ಅದು ಚರ್ಮದ ಮೂಲಕ ಒಳಸೇರಿ ಮಿದುಳಿಗೆ ಹಾನಿ ಮಾಡಬಲ್ಲದೆಂದು ತಿಳಿದು 1972ರಲ್ಲಿ ಅಮೆರಿಕ ಅದಕ್ಕೂ ಕಡಿವಾಣ ಹಾಕಿತು. ಅತಿಬುದ್ಧಿಯ ಉಪಾಯಗಳಿಗೆ ಹೀಗೆ ಒಂದು ಬಾಲ ಇದ್ದೇ ಇರುತ್ತದೆ ಎಂಬುದು ನನ್ನ ಅನಿಸಿಕೆ.

ಹಾಗೆಂದು ಉಪಾಯದ ಹಿಂದಿನ ವಿಚಾರ ಸುಳ್ಳಾಗಲಿಲ್ಲ. ಒಡಿಶಾದ ಹಳ್ಳಿಗಳಲ್ಲಿ ಡಾ. ಪಿನಾಕಿ ಪಾಣಿಗ್ರಾಹಿ ಮತ್ತು ಸಂಗಡಿಗರು ನಾಲ್ಕೂವರೆ ಸಾವಿರದಷ್ಟು ನವಜಾತ ಶಿಶುಗಳ ಮೇಲೆ ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಮಕ್ಕಳಿಗೆ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್ ಎಂಬ ಬ್ಯಾಕ್ಟೀರಿಯವನ್ನು, ಅದಕ್ಕೆ ಆಹಾರವಾಗುವ ಸಕ್ಕರೆಯೊಂದಿಗೆ, ಏಳು ದಿನ ಬಾಯಿಗೆ ಹಾಕಿದ್ದರು. ನಂಜು ಅಥವಾ ಸಾವು ಶೇ. 9ರಿಂದ ಶೇ. 5.4ಕ್ಕೆ ಇಳಿಯಿತು. ಇವರೆಲ್ಲ ಎರಡು ಕಿಲೋ ಅಥವಾ ಹೆಚ್ಚು ತೂಗಿದ ಮಕ್ಕಳು ಎಂಬುದನ್ನು ಮರೆಯಬಾರದು. ಅವಧಿಗೆ ಬಹಳ ಮುಂಚೆ ಹುಟ್ಟಿದ ಎಳೆಗೂಸಿನ ವಿಷಯವೇ ಬೇರೆ. ಅಂಗಡಿಯಿಂದ ತಂದು ಹಾಕುವ ಔಷಧ ಇದಲ್ಲ.

ಇಷ್ಟಕ್ಕೂ ಕೆಟ್ಟ ತಳಿ ಒಂದು ತೊಟ್ಟಿಲಿನಿಂದ ಇನ್ನೊಂದಕ್ಕೆ ಹೋಗುವುದು ಹೇಗೆ? ಗಾಳಿಯಿಂದ ಎಂದು ಎಷ್ಟೋ ಜನ ನಂಬಿದ್ದರು. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಎಡ್ವರ್ಡ್ ಮಾರ್ಟಿಮರ್ ಮತ್ತು ಜೊತೆಗಾರರು 1960ರ ದಶಕದಲ್ಲೇ ತೋರಿಸಿಕೊಟ್ಟಂತೆ, ಮುಖ್ಯ ವಾಹನ ಆರೈಕೆ ಮಾಡುವವರ ಕೈ. ಕೈ ತೊಳೆಯದೆ ಮುಟ್ಟಿದ ಮಕ್ಕಳಿಗೆ ಬ್ಯಾಕ್ಟೀರಿಯ ಬೇಗ, ಹೆಚ್ಚಾಗಿ ದಾಟುತ್ತಿತ್ತು. ಬಾಣಂತಿಯನ್ನು ನೋಡಲು ಹೋಗಿ, ಬಸ್ಸಿನ ಕಂಬಿ ಹಿಡಿದ ಕೈಯಲ್ಲೇ ಕೂಸಿನ ಗಲ್ಲ ಹಿಂಡುವ ನೆಂಟರಾದ ನಾವೂ ಇದಕ್ಕೆ ಹೊರತಲ್ಲ. ದಾದಿ “ಕೈ ತೊಳೆದು ಬನ್ನಿ” ಎಂದರೆ ಮುಖ ಸಿಂಡರಿಸುವವರನ್ನು ಬೇಕಾದಷ್ಟು ನೋಡಿದ್ದೇನೆ.

ತೊಳೆಯುವುದರಲ್ಲೂ ಒಂದು ಸೂಕ್ಷ್ಮವಿದೆ. ಮಕ್ಕಳೇ, ಅಮ್ಮನನ್ನು ಕೇಳಿ ಒಂದು ಚಮಚ ಅರಿಸಿನವನ್ನು ನೀರಿನಲ್ಲಿ ಕಲಸಿಕೊಳ್ಳಿ. ಕಣ್ಣು ಮುಚ್ಚಿ, ಅದೇ ಸೋಪೆಂದು ತಿಳಿದು, ದಿನಾ ತೊಳೆಯುವಂತೆಯೇ ಎರಡೂ ಕೈಗೆ ಉಜ್ಜಿ. ಈಗ ಕಣ್ಣು ತೆರೆದು, ಹಳದಿ ಹತ್ತದ ಜಾಗಗಳನ್ನು ಗುರುತಿಸಿ. ಹೆಬ್ಬೆರಳ ಸುತ್ತ, ಬೆರಳ ತುದಿ, ಅಂಗೈಯ ಹಿಂಭಾಗ ಮೊದಲು ನೋಡಿ.