ಪರಶುರಾಮ ಥೀಮ್ ಪಾರ್ಕ್: ಗಾಡಿ ಹೊರಡುವ ಮುನ್ನ ಒಂದು ಪ್ರಶ್ನೆ

ಶಿವಮೊಗ್ಗ: ಶಾಲೆಗಳಿಗೆ ರಜೆ ಸಮೀಪಿಸುತ್ತಿದ್ದಂತೆ ಶಿವಮೊಗ್ಗ ಮತ್ತು ಭದ್ರಾವತಿಯ ಮನೆಗಳಲ್ಲಿ ಪ್ರವಾಸದ ಲೆಕ್ಕಾಚಾರ ಆರಂಭವಾಗುತ್ತದೆ. ಹಿರಿಯರಿಗೆ ದೇವರ ದರ್ಶನವಾಗಬೇಕು, ಮಕ್ಕಳಿಗೆ ಬೇಸರವಾಗಬಾರದು, ಬೆಳಿಗ್ಗೆ ಹೊರಟರೆ ರಾತ್ರಿ ಊಟದ ಹೊತ್ತಿಗೆ ಮನೆ ಸೇರಬೇಕು. ಈ ಮೂರೂ ಬೇಡಿಕೆಗಳಿಗೆ ಒಂದೇ ಉತ್ತರವೆಂಬಂತೆ ಇತ್ತೀಚಿನ ವರ್ಷಗಳಲ್ಲಿ ರಾಜ್ಯದಲ್ಲಿ ಕಾಣಿಸಿಕೊಂಡಿರುವುದು ಧಾರ್ಮಿಕ ಥೀಮ್ ಪಾರ್ಕ್. ದೇವಸ್ಥಾನವೂ ಅಲ್ಲ, ಉದ್ಯಾನವೂ ಅಲ್ಲ. ಎರಡರ ಸ್ವಭಾವವನ್ನೂ ಅಷ್ಟಷ್ಟು ಪಡೆದ ಹೊಸ ಬಗೆಯ ಯಾತ್ರಾಸ್ಥಳ.

ಮಲೆನಾಡಿನ ಕುಟುಂಬಗಳ ಪಟ್ಟಿಯಲ್ಲಿ ಹೀಗೆ ಸೇರಿಕೊಂಡ ಹೆಸರು ಉಡುಪಿ ಜಿಲ್ಲೆಯ ಕಾರ್ಕಳ ತಾಲ್ಲೂಕು ಬೈಲೂರಿನ ಉಮಿಕ್ಕಳ ಬೆಟ್ಟದ ಪರಶುರಾಮ ಥೀಮ್ ಪಾರ್ಕ್. ಆದರೆ ಉದ್ಘಾಟನೆಯಾದ ವರ್ಷದೊಳಗೇ ಅದು ಪ್ರವಾಸದ ಸುದ್ದಿಯಿಂದ ಪೊಲೀಸ್ ಠಾಣೆಯ ಸುದ್ದಿಗೆ ಜಾರಿತು. ಕುಟುಂಬವೊಂದು ಅಲ್ಲಿಗೆ ಹೊರಡುವ ಮುನ್ನ ಕೇಳಬೇಕಾದ ಪ್ರಶ್ನೆ ಹಾದಿಯದ್ದೋ ಖರ್ಚಿನದ್ದೋ ಮಾತ್ರವಲ್ಲ. ನೋಡಲು ಹೋಗುತ್ತಿರುವುದು ಏನನ್ನು ಎಂಬುದೇ ಮೊದಲ ಪ್ರಶ್ನೆ.

ಬೆಟ್ಟದ ಮೇಲೆ ನಡೆದದ್ದೇನು?

2023ರ ಜನವರಿ 27ರಂದು ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ಈ ಪಾರ್ಕನ್ನು ಉದ್ಘಾಟಿಸಿದರು. ಕಾರ್ಕಳದ ಶಾಸಕರೂ ಆಗ ಇಂಧನ ಹಾಗೂ ಕನ್ನಡ ಮತ್ತು ಸಂಸ್ಕೃತಿ ಸಚಿವರೂ ಆಗಿದ್ದ ವಿ. ಸುನಿಲ್ ಕುಮಾರ್ ಅವರ ಮಹತ್ವಾಕಾಂಕ್ಷೆಯ ಯೋಜನೆಯಿದು. ಕಾಮಗಾರಿ ವಹಿಸಿಕೊಂಡದ್ದು ಉಡುಪಿಯ ನಿರ್ಮಿತಿ ಕೇಂದ್ರ. 33 ಅಡಿ ಎತ್ತರದ ಪರಶುರಾಮನ ಕಂಚಿನ ಪ್ರತಿಮೆ ಅದರ ಮುಖ್ಯ ಆಕರ್ಷಣೆ ಎಂದು ಸಾರಲಾಗಿತ್ತು. ಭಜನಾ ಮಂದಿರ, ಬಯಲು ರಂಗಮಂದಿರ, ವಸ್ತು ಸಂಗ್ರಹಾಲಯ ಇವೆಲ್ಲ ಯೋಜನೆಯ ಅಂಗಗಳಾಗಿದ್ದವು. ವಿಧಾನಸಭಾ ಚುನಾವಣೆಗೆ ಆಗ ಉಳಿದಿದ್ದುದು ಸುಮಾರು ನಾಲ್ಕು ತಿಂಗಳು ಮಾತ್ರ.

ಚುನಾವಣೆ ಮುಗಿದು ಸರ್ಕಾರ ಬದಲಾಯಿತು. ಪ್ರತಿಮೆ ಕಂಚಿನದಲ್ಲ, ಫೈಬರಿನದು ಎಂಬ ಆರೋಪ ಜೋರಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಪ್ರತಿಮೆಯ ಮೇಲ್ಭಾಗವನ್ನು ಅಲ್ಲಿಂದ ತೆಗೆಯಲಾಯಿತು. ಕೊಡಲಿ ಹಿಡಿದ ವೀರನನ್ನು ನೋಡಲು ಬಂದವರಿಗೆ ಕಂಡದ್ದು ಅರೆಬರೆ ಉಳಿದ ಮೂರ್ತಿ. ಕಾಮಗಾರಿ ಪೂರ್ಣಗೊಂಡಿರಲಿಲ್ಲ, ಮರುವಿನ್ಯಾಸಕ್ಕಾಗಿ ತೆಗೆಯಲಾಗಿದೆ ಎಂಬುದು ಯೋಜನೆಯ ಸಮರ್ಥಕರ ವಾದ. ಜನರ ಕಣ್ಣಿಗೆ ಮಣ್ಣೆರಚಲಾಗಿದೆ ಎಂಬುದು ವಿರೋಧಿಗಳ ವಾದ. ಪ್ರಕರಣ ಠಾಣೆಯನ್ನೂ ಹೈಕೋರ್ಟನ್ನೂ ಮುಟ್ಟಿತು. 2024ರ ನವೆಂಬರ್‌ನಲ್ಲಿ ಶಿಲ್ಪಿಯ ಬಂಧನವಾಯಿತು. 2025ರಲ್ಲಿ ಪೊಲೀಸರು ಸಲ್ಲಿಸಿದ ಆರೋಪಪಟ್ಟಿಯು ಪ್ರತಿಮೆಯನ್ನು ಹಿತ್ತಾಳೆಯದು ಎಂದು ಗುರುತಿಸಿತು. ಫೈಬರ್ ಅಲ್ಲವೆಂದು ಒಂದು ಪಕ್ಷ ನಿಟ್ಟುಸಿರು ಬಿಟ್ಟರೆ, ಕಂಚೂ ಅಲ್ಲವಲ್ಲ ಎಂದು ಇನ್ನೊಂದು ಪಕ್ಷ ಪಟ್ಟು ಹಿಡಿಯಿತು.

ಲೋಹ ಬಲ್ಲ ಊರಿನ ಕಣ್ಣಿನಲ್ಲಿ

ಈ ವಿವಾದವನ್ನು ಭದ್ರಾವತಿಯಿಂದ ನೋಡಿದರೆ ಅದಕ್ಕೆ ಬೇರೆಯೇ ಅರ್ಥ ಬರುತ್ತದೆ. ತಾಮ್ರಕ್ಕೆ ತವರ ಸೇರಿದರೆ ಕಂಚು, ಸತು ಸೇರಿದರೆ ಹಿತ್ತಾಳೆ; ಗಾಜಿನ ಎಳೆಗೆ ರಾಳ ಬೆರೆತರೆ ಫೈಬರ್. ಲೋಹವನ್ನೇ ಉಸಿರಾಡಿ ಬೆಳೆದ ಊರಿಗೆ ಈ ವ್ಯತ್ಯಾಸವನ್ನು ಯಾರೂ ಕಲಿಸಬೇಕಾಗಿಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ ಹುಟ್ಟಿ, 1923ರಲ್ಲಿ ಉತ್ಪಾದನೆ ಆರಂಭಿಸಿದ ಇಲ್ಲಿನ ಕಾರ್ಖಾನೆ ಮುಂದೆ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆಯೆಂದು ಹೆಸರಾಯಿತು. ಉಕ್ಕಿನ ಪ್ರತಿ ಎರಕದಿಂದ ಮಾದರಿ ತೆಗೆದು, ಅದರಲ್ಲಿ ಯಾವ ಧಾತು ಎಷ್ಟಿದೆಯೆಂದು ಪರೀಕ್ಷಿಸಿ, ಪ್ರಮಾಣಪತ್ರದೊಂದಿಗೆ ಗ್ರಾಹಕನಿಗೆ ಕಳಿಸುವುದು ಇಂತಹ ಕಾರ್ಖಾನೆಗಳ ದಿನನಿತ್ಯದ ಶಿಸ್ತು. ಒಂದು ಸರಳಿಗೆ ಸಲ್ಲುವ ಈ ಶಿಸ್ತು ಸಾರ್ವಜನಿಕ ಹಣದಲ್ಲಿ ಎದ್ದು ನಿಲ್ಲುವ ದೇವಪ್ರತಿಮೆಗೆ ಏಕೆ ಸಲ್ಲಬಾರದು?

ಕಾಕತಾಳೀಯವೆಂಬಂತೆ, ಉಮಿಕ್ಕಳ ಬೆಟ್ಟದಲ್ಲಿ ಉದ್ಘಾಟನೆಯ ಸಂಭ್ರಮ ನಡೆದ ಅದೇ 2023ರ ಜನವರಿಯಲ್ಲಿ ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಸೇಲ್ ಸಂಸ್ಥೆಯಿಂದ ಹೊರಬಿದ್ದಿತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕುಳಿತರು. ಮುಂದಿನ ತಿಂಗಳು, ಫೆಬ್ರವರಿ 27ರಂದು, ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣದ ಉದ್ಘಾಟನೆಯೂ ನೆರವೇರಿತು. ಚುನಾವಣೆಯ ಹೊಸ್ತಿಲಲ್ಲಿ ಉದ್ಘಾಟನೆಗಳಿಗೆ ಬರುವ ಅವಸರ ಎಲ್ಲ ಪಕ್ಷಗಳ ಕಾಲದಲ್ಲೂ ಇದ್ದದ್ದೇ. ರಸ್ತೆಯೋ ಕಟ್ಟಡವೋ ಅರ್ಧಕ್ಕೆ ನಿಂತಿದ್ದರೆ ಜನ ಬೈದು ಸುಮ್ಮನಾಗುತ್ತಾರೆ. ದೇವರ ಪ್ರತಿಮೆ ಅರ್ಧಕ್ಕೆ ನಿಂತರೆ ಗಾಯ ಬೇರೆಯ ಜಾಗಕ್ಕೆ ತಗಲುತ್ತದೆ.

ಸಿಮೆಂಟಿನ ಶಿವನಿಗೆ ಆಕ್ಷೇಪವಿಲ್ಲ

ಹಾಗಾದರೆ ಕಂಚೇ ಆಗಬೇಕೆ? ಆಗಲೇಬೇಕೆಂದಿಲ್ಲ. ಇದಕ್ಕೆ ಉತ್ತರ ಕನ್ನಡದ ಮುರುಡೇಶ್ವರವೇ ಸಾಕ್ಷಿ. ಕಡಲ ತೀರದಲ್ಲಿ 123 ಅಡಿ ಎತ್ತರಕ್ಕೆ ಕುಳಿತ ಶಿವ ಸಿಮೆಂಟಿನವನು. ಉದ್ಯಮಿ ಆರ್.ಎನ್. ಶೆಟ್ಟಿ ಅವರು ವೆಚ್ಚ ಭರಿಸಿದರು; ಪ್ರತಿಮೆಯನ್ನು ರೂಪಿಸಿದ ತಂಡದ ಮುಂದಾಳು ಶಿವಮೊಗ್ಗದವರೇ ಆದ ಶಿಲ್ಪಿ ಕಾಶಿನಾಥ್. ಪ್ರತಿಮೆಯ ಕೆಳಗಿನ ಗುಹೆಯಲ್ಲಿ ರಾವಣ ಮತ್ತು ಆತ್ಮಲಿಂಗದ ಕಥೆಯನ್ನು ಗೊಂಬೆಗಳ ಮೂಲಕ ತೋರಿಸಲಾಗಿದೆ. ಪಕ್ಕದಲ್ಲೇ 20 ಅಂತಸ್ತಿನ ರಾಜಗೋಪುರ, ಒಳಗೆ ಲಿಫ್ಟು. ಥೀಮ್ ಪಾರ್ಕಿನ ಲಕ್ಷಣಗಳೆಲ್ಲ ಅಲ್ಲಿವೆ. ಆದರೂ ಮೋಸವಾಯಿತೆಂದು ಅಲ್ಲಿಂದ ಹಿಂದಿರುಗುವವರಿಲ್ಲ. ಕಾರಣ ಸರಳ: ಸಿಮೆಂಟನ್ನು ಅಲ್ಲಿ ಯಾರೂ ಕಂಚೆಂದು ಹೇಳಲಿಲ್ಲ.

ಇಲ್ಲಿ ಇನ್ನೊಂದು ಭೇದವನ್ನೂ ಗಮನಿಸಬೇಕು. ಖಾಸಗಿ ದಾನಿಯ ಹಣದಲ್ಲಿ ಆದ ಕೆಲಸಕ್ಕೆ ಆತ ತನ್ನ ಹೆಸರನ್ನೇ ಜಾಮೀನು ಇಡುತ್ತಾನೆ. ಸರ್ಕಾರಿ ಹಣದ ಕೆಲಸದಲ್ಲಿ ಹೊಣೆ ಹತ್ತು ಕಡತಗಳಲ್ಲಿ ಹಂಚಿಹೋಗುತ್ತದೆ. ಸರ್ಕಾರವೇ ಧಾರ್ಮಿಕ ಪಾರ್ಕು ಕಟ್ಟಲು ಹೊರಟಾಗ ಅದರ ಮೇಲೆ ಎರಡು ಋಣಗಳು ಬೀಳುತ್ತವೆ. ಒಂದು ತೆರಿಗೆದಾರನದ್ದು, ಇನ್ನೊಂದು ಕೈಮುಗಿಯುವವನದ್ದು. ಮೊದಲನೆಯದನ್ನು ಲೆಕ್ಕಪರಿಶೋಧನೆಯಿಂದ ತೀರಿಸಬಹುದು. ಎರಡನೆಯದನ್ನು ತೀರಿಸಲು ಮೊದಲ ದಿನವೇ ನಿಜ ಹೇಳುವುದೊಂದೇ ದಾರಿ.

ಹಾದಿಯಲ್ಲೇ ಇರುವ ಪರಶುರಾಮ

ಪ್ರಯಾಣದ ಮಾತಿಗೆ ಬಂದರೆ, ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ, ಹೆಬ್ರಿ ಮೂಲಕ ಕಾರ್ಕಳ ಸುಮಾರು 150 ಕಿಲೋಮೀಟರ್. ಭದ್ರಾವತಿಯವರಿಗೆ ಇದರ ಮೇಲೆ ಇನ್ನು 20 ಕಿಲೋಮೀಟರ್. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ದೊಡ್ಡ ಬಸ್ಸುಗಳು ಇಳಿಯಲಾರವು. ನೆಂಟರಿಷ್ಟರೆಲ್ಲ ಸೇರಿ ಹೊರಡುವವರಿಗೆ ಮಿನಿ ಬಸ್ಸೇ ಗತಿ. ಮಳೆಗಾಲದಲ್ಲಿ ಮಣ್ಣು ಕುಸಿದು ರಸ್ತೆ ಬಂದ್ ಆಗುವುದೂ ಉಂಟು. ಶೃಂಗೇರಿ, ಕೆರೆಕಟ್ಟೆ, ಮಾಳಘಾಟಿಯ ಮೂಲಕ ಕಾರ್ಕಳ ತಲುಪುವ ಹೆದ್ದಾರಿ ಇನ್ನೊಂದು ಆಯ್ಕೆ.

ಈ ಹಾದಿಯಲ್ಲಿ ಬಹಳ ಮಂದಿ ಕಾಫಿ ಕುಡಿದು ಮುಂದೆ ಸಾಗಿಬಿಡುವ ಊರು ತೀರ್ಥಹಳ್ಳಿ. ಆದರೆ ಪರಶುರಾಮನ ಕಥೆ ಜನರ ಬದುಕಿನೊಳಗೆ ಇಳಿದಿರುವುದು ಅಲ್ಲಿಯೇ. ತಾಯಿಯನ್ನು ಕಡಿದ ಕೊಡಲಿಯ ರಕ್ತದ ಕಲೆ ಕೊನೆಗೂ ತೊಳೆದುಹೋದದ್ದು ಇಲ್ಲಿನ ತುಂಗೆಯಲ್ಲಿ ಎಂಬುದು ಸ್ಥಳಪುರಾಣ. ರಾಮೇಶ್ವರ ದೇವಸ್ಥಾನದ ಕೆಳಗೆ, ಬಂಡೆಗಳ ನಡುವೆ ರಾಮತೀರ್ಥವಿದೆ. ಎಳ್ಳಮಾವಾಸ್ಯೆಯ ಜಾತ್ರೆಗೆ ಸುತ್ತಲಿನ ಊರುಗಳ ಜನ ಅಲ್ಲಿ ಮಿಂದು ಹೋಗುತ್ತಾರೆ. ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಪರಶುರಾಮನ ತಾಯಿ ರೇಣುಕೆ ನೆಲೆಸಿದ್ದಾಳೆ. ಅಲ್ಲಿ ಪ್ರತಿಮೆಯ ಎತ್ತರದ ಪೈಪೋಟಿ ಇಲ್ಲ, ಪ್ರವೇಶದ್ವಾರದ ವಿನ್ಯಾಸವಿಲ್ಲ. ತಂದೆಯ ಮಾತಿಗೆ ತಾಯಿಯನ್ನು ಕಡಿದ ಮಗನೊಬ್ಬ ಆ ಕಲೆಯನ್ನು ಹೊತ್ತು ಊರೂರು ಅಲೆದ ಕಥೆಯನ್ನು ಅಜ್ಜಿಯೊಬ್ಬಳು ಮೊಮ್ಮಕ್ಕಳಿಗೆ ಹೇಳಲು ಹೊಳೆಯ ದಂಡೆಯೇ ಸಾಕು.

ಕಾರ್ಕಳದಲ್ಲೂ ಕುಟುಂಬ ಬರಿಗೈಯಲ್ಲಿ ಮರಳಬೇಕಾಗಿಲ್ಲ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ ಏಕಶಿಲೆಯ ಗೊಮ್ಮಟ, ಸುಮಾರು 42 ಅಡಿಯವನು, ಬಂಡೆಯ ಮೇಲೆ ಬಿಸಿಲು ಮಳೆಗೆ ಮೈಯೊಡ್ಡಿ ನಿಂತಿದ್ದಾನೆ.

ಯೋಜನೆ ರೂಪಿಸುವವರು ಮಾಡಬೇಕಾದದ್ದು ಇಷ್ಟು. ಹಳೆಯ ಫೋಟೋ ನಂಬಿ ಹೊರಡದೆ, ಪ್ರತಿಮೆಯ ಸ್ಥಿತಿ ಹಾಗೂ ಪ್ರವೇಶದ ಬಗ್ಗೆ ಕಾರ್ಕಳದಲ್ಲಿ ಮೊದಲೇ ವಿಚಾರಿಸಿಕೊಳ್ಳಬೇಕು. ದಿನದ ಅರ್ಧವನ್ನಾದರೂ ತೀರ್ಥಹಳ್ಳಿಗೂ ಗೊಮ್ಮಟ ಬೆಟ್ಟಕ್ಕೂ ಮೀಸಲಿಡಬೇಕು. ಸರ್ಕಾರ ಮಾಡಬೇಕಾದದ್ದೂ ಹೆಚ್ಚೇನಿಲ್ಲ. ಇನ್ನು ಮುಂದೆ ಇಂತಹ ಯಾವ ಪ್ರತಿಮೆಯ ಪರದೆ ಸರಿಸುವ ಮೊದಲೂ ಅದರ ಲೋಹ, ತೂಕ, ವೆಚ್ಚಗಳನ್ನು ಪರೀಕ್ಷಾ ವರದಿಯೊಂದಿಗೆ ಪೀಠದ ಫಲಕದ ಮೇಲೆಯೇ ಬರೆಯಿಸಬೇಕು. ಅಜ್ಜನ ಕೈಹಿಡಿದು ಬೆಟ್ಟ ಹತ್ತಿದ ಮಗು "ಇದು ಯಾವುದರಿಂದ ಮಾಡಿದ್ದು?" ಎಂದು ಕೇಳಿದರೆ, ಉತ್ತರಕ್ಕಾಗಿ ಅಜ್ಜ ಆರೋಪಪಟ್ಟಿ ಓದಬೇಕಾದ ಸ್ಥಿತಿ ಇನ್ನೊಮ್ಮೆ ಬರಬಾರದು.