ಕುರ್ಚಿ ಬಿಡಬೇಡ ಅಂದವರು ಎಲ್ಲಿ ನಿಂತಿದ್ದರು?

ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತು ಮಾಡ್ಕೊಂಡು ಓದಿ.

'ಸ್ಟಾರ್ ಟ್ರೆಕ್' ಅನ್ನೋ ಅಮೆರಿಕದ ಟಿವಿ ಧಾರಾವಾಹಿ ಶುರುವಾಗಿದ್ದು 1966ರ ಸೆಪ್ಟೆಂಬರ್ 8ರಂದು, ಎನ್‌ಬಿಸಿ ಚಾನೆಲ್ಲಿನಲ್ಲಿ. ಮೂರು ಸೀಸನ್, 79 ಕಂತು, 1969ರ ಜೂನ್‌ಗೆ ಮುಗಿದೇ ಹೋಯ್ತು. ಮುಂದೆಂದೋ ಬರುವ ಕಾಲ, ಎಂಟರ್‌ಪ್ರೈಸ್ ಅನ್ನೋ ಬಾಹ್ಯಾಕಾಶ ನೌಕೆ, ಅದರಲ್ಲಿ ಬೇರೆ ಬೇರೆ ಬಣ್ಣದ ಜನ ಒಟ್ಟಿಗೆ ದುಡೀತಾರೆ. ಇಷ್ಟೇ ಕತೆ. ಅಮೆರಿಕದ ಬೀದಿಗಳಲ್ಲಿ ಕಪ್ಪು ಜನ ನಾಗರಿಕ ಹಕ್ಕಿಗಾಗಿ ಪೊಲೀಸರ ಲಾಠಿ ತಿಂತಿದ್ದ ವರ್ಷಗಳಲ್ಲಿ ಇಂಥದ್ದೊಂದು ಟಿವಿಯಲ್ಲಿ ಬಂತು ಅನ್ನೋದೇ ದೊಡ್ಡ ಸಂಗತಿ.

ಅದನ್ನ ಕಟ್ಟಿದವರಲ್ಲಿ ಬಹುಪಾಲು ಜನ ಈಗಿಲ್ಲ. ನಿರ್ಮಾಪಕ ಜೀನ್ ರಾಡೆನ್‌ಬೆರಿ 1991ರಲ್ಲಿ ಹೋದರು. ಡಾಕ್ಟರ್ ಮೆಕಾಯ್ ಪಾತ್ರದ ಡಿಫಾರೆಸ್ಟ್ ಕೆಲ್ಲಿ 1999ರಲ್ಲಿ. ಎಂಜಿನಿಯರ್ ಸ್ಕಾಟಿ ಆಗಿದ್ದ ಜೇಮ್ಸ್ ಡೂಹನ್ 2005ರಲ್ಲಿ. ಸ್ಪಾಕ್ ಆಗಿದ್ದ ಲೆನಾರ್ಡ್ ನಿಮೋಯ್ 2015ರಲ್ಲಿ. ಉಹುರಾ ಆಗಿದ್ದ ನಿಶೆಲ್ ನಿಕೋಲ್ಸ್ 2022ರ ಜುಲೈ 30ರಂದು. ಪ್ರತಿ ಸಲ ಇವರ ದಿನ ಬಂದಾಗ ಶ್ರದ್ಧಾಂಜಲಿ ಓದ್ತೀನಿ. ಹೆಚ್ಚುಕಮ್ಮಿ ಎಲ್ಲದರಲ್ಲೂ ಒಂದೇ ಧಾಟಿ: ಒಬ್ಬ ಮಹಾನುಭಾವ ಸಮಾನತೆಯ ಕನಸು ಕಂಡ, ಕಪ್ಪು ಹೆಣ್ಣುಮಗಳಿಗೆ ಕುರ್ಚಿ ಕೊಟ್ಟ, ಜಗತ್ತು ಬದಲಾಯ್ತು.

ನನ್ನ ತಕರಾರು ಇರೋದು ಈ 'ಕೊಟ್ಟ' ಅನ್ನೋ ಪದದ ಮೇಲೆ.

ನಾನು ಆಫೀಸಲ್ಲಿ ಗುಮಾಸ್ತ. ಫೈಲಿನ ಕೆಳಗೆ ಸಹಿ ಯಾರದ್ದು, ಆ ಫೈಲು ಕಟ್ಟಿದವರು ಯಾರು ಅನ್ನೋ ವ್ಯತ್ಯಾಸ ನಮ್ಮಂಥವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಗಾಗಿ ನಾನು ಸತ್ತವರನ್ನ ನೆನೆಯೋದು ಲೆಕ್ಕದ ಪುಸ್ತಕ ತೆಗೆದ ಹಾಗೆ. ಯಾರು ಎಷ್ಟು ತೆತ್ತರು, ಯಾರ ಖಾತೆಗೆ ಎಷ್ಟು ಜಮಾ ಆಯ್ತು, ನೋಡೋಣ.

ಮೊದಲು ನಿಶೆಲ್ ನಿಕೋಲ್ಸ್. ಎಂಟರ್‌ಪ್ರೈಸಿನ ಸಂಪರ್ಕ ಅಧಿಕಾರಿ, ಲೆಫ್ಟಿನೆಂಟ್ ಉಹುರಾ. ಸ್ವಾಹಿಲಿ ಭಾಷೆಯ 'ಉಹುರು', ಅಂದ್ರೆ ಸ್ವಾತಂತ್ರ್ಯ, ಅದರಿಂದ ಬಂದ ಹೆಸರು. ಕಪ್ಪು ನಟಿಯರಿಗೆ ಮನೆಕೆಲಸದವಳ ಪಾತ್ರವೇ ಖಾಯಂ ಆಗಿದ್ದ ಕಾಲದಲ್ಲಿ ಈಕೆ ಅಧಿಕಾರಿ. ಆದರೆ ಒಳಗಿನ ಕತೆಯನ್ನ ಆಕೆಯೇ 1994ರ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಸ್ಕ್ರಿಪ್ಟ್ ತಿದ್ದಿದಾಗೆಲ್ಲ ಅವರ ಮಾತು ಕಡಿಮೆ ಆಗ್ತಿತ್ತು. ಕಡೆಗೆ ಉಳೀತಿದ್ದದ್ದು 'ಸಂಪರ್ಕ ತೆರೆದಿದೆ, ಕ್ಯಾಪ್ಟನ್' ಅನ್ನೋ ಥರದ ಒಂದೆರಡು ಸಾಲು. ಅಭಿಮಾನಿಗಳು ಬರೆದ ಪತ್ರಗಳು ಅವರ ಕೈಗೇ ತಲುಪುತ್ತಿರಲಿಲ್ಲ. ಆ ಪಾತ್ರಕ್ಕೆ ಒಂದು ಮೊದಲ ಹೆಸರು ಪರದೆ ಮೇಲೆ ಸಿಕ್ಕಿದ್ದು ಯಾವಾಗ ಗೊತ್ತಾ? 2009ರ ಸಿನಿಮಾದಲ್ಲಿ, 43 ವರ್ಷ ಆದ ಮೇಲೆ. ಅಷ್ಟೊತ್ತಿಗೆ ಆ ಪಾತ್ರವನ್ನ ಬೇರೆ ನಟಿ ಮಾಡ್ತಿದ್ದರು.

ಮೊದಲ ಸೀಸನ್ ಮುಗಿದಾಗ ಅವರು ಬಿಟ್ಟು ಹೋಗೋಕೆ ತೀರ್ಮಾನಿಸಿದ್ದರು. ರಂಗಭೂಮಿ, ಹಾಡು, ಅದು ಅವರ ಆಸೆ. ಆಗಲೇ ಎನ್‌ಎಎಸಿಪಿ ಸಂಘಟನೆಯ ಒಂದು ಕಾರ್ಯಕ್ರಮದಲ್ಲಿ ನಿಮ್ಮ ಅಭಿಮಾನಿಯೊಬ್ಬರು ನೋಡಬೇಕಂತೆ ಅಂದರು. ತಿರುಗಿ ನೋಡಿದರೆ ಮಾರ್ಟಿನ್ ಲೂಥರ್ ಕಿಂಗ್. ಬಿಡ್ತಿದ್ದೀನಿ ಅಂದಾಗ ಕಿಂಗ್ ಒಪ್ಪಲಿಲ್ಲ. ನೀವು ಬರೀ ಒಂದು ಪಾತ್ರ ಮಾಡ್ತಿಲ್ಲ, ನಾವು ಹೇಗಿರಬೇಕೋ ಹಾಗೆ ಜಗತ್ತು ನಮ್ಮನ್ನ ಮೊದಲ ಸಲ ನೋಡ್ತಿದೆ, ಹೋಗಬೇಡಿ ಅಂತ ಹೇಳಿದರಂತೆ. ಇದನ್ನ ನಿಕೋಲ್ಸ್ ಜೀವನಪೂರ್ತಿ ಹೇಳ್ತಾ ಬಂದರು. ರಾಜೀನಾಮೆ ವಾಪಸ್ ತಗೊಂಡರು.

ಈ ಪ್ರಸಂಗ ನಮ್ಮ ವಲಯದಲ್ಲೂ ಬಹಳ ಜನಪ್ರಿಯ. ಆದ್ರೆ ನಾವು ಅದನ್ನ ಕಿಂಗ್ ಅವರ ದೂರದೃಷ್ಟಿಯ ಕತೆಯಾಗಿ ಹೇಳಿ ಅಲ್ಲಿಗೇ ನಿಲ್ಲಿಸ್ತೀವಿ. ಮಾರನೇ ದಿನ ಏನಾಯ್ತು? ಆಕೆ ಮತ್ತೆ ಅದೇ ಸೆಟ್ಟಿಗೆ ಹೋದರು. ಅದೇ ಕುರ್ಚಿ, ಅದೇ ಎರಡು ಸಾಲು, ಇನ್ನೂ ಎರಡು ಸೀಸನ್. 1968ರ ಏಪ್ರಿಲ್ 4ರಂದು ಕಿಂಗ್ ಅವರನ್ನ ಕೊಂದರು. ಮೂರನೇ ಸೀಸನ್ ಬರೋ ಹೊತ್ತಿಗೆ ಕುರ್ಚಿ ಬಿಡಬೇಡ ಅಂದವರೇ ಇಲ್ಲ, ಕೂತವರು ಮಾತ್ರ ಅಲ್ಲೇ ಇದ್ದರು.

ಆ ಸೀಸನ್ನಿನಲ್ಲೇ, 1968ರ ನವೆಂಬರ್ 22ರಂದು, ಕಪ್ಪು ಉಹುರಾ ಮತ್ತು ಬಿಳಿ ಕ್ಯಾಪ್ಟನ್ ಕರ್ಕ್ ಮುತ್ತಿಡುವ ದೃಶ್ಯ ಪ್ರಸಾರ ಆಯ್ತು. ಅಂತರ್‌ವರ್ಣೀಯ ಮದುವೆ ಮೇಲಿನ ನಿಷೇಧ ಸಂವಿಧಾನ ವಿರೋಧಿ ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 1967ರ ಜೂನ್‌ನಲ್ಲಿ. ಅಂದ್ರೆ ಬರೀ 17 ತಿಂಗಳ ಹಿಂದೆ. ಹಾಗಾಗಿ ಆ ದೃಶ್ಯಕ್ಕೆ ಬೆಲೆ ಇದೆ. ಆದರೆ ಕತೆಯಲ್ಲಿ ಅವರಿಬ್ಬರೂ ಇಷ್ಟಪಟ್ಟು ಮುತ್ತಿಡೋದಲ್ಲ. ಪರಗ್ರಹದವರ ಮನೋಶಕ್ತಿ ಬಲವಂತ ಮಾಡುತ್ತೆ. ಪ್ರೀತಿ ತೋರಿಸೋಕೂ ಒಂದು ನೆಪ ಬೇಕಾಗಿತ್ತು. ಅಂತರ್ಜಾತಿ ಮದುವೆಯಾದ ಮಕ್ಕಳ ಜೀವ ಉಳಿಸೋಕೆ ಠಾಣೆ ಮೆಟ್ಟಿಲು ಹತ್ತಿದವರಿಗೆ ಈ ನೆಪದ ಅರ್ಥ ವಿವರಿಸಬೇಕಿಲ್ಲ.

ಈಗ ಲೆಕ್ಕದ ಇನ್ನೊಂದು ಬದಿ, ಲೆನಾರ್ಡ್ ನಿಮೋಯ್. ಬೋಸ್ಟನ್ನಿನ ಯಹೂದಿ ವಲಸಿಗರ ಮಗ. ಅಪ್ಪನದು ಕ್ಷೌರದ ಅಂಗಡಿ. ಸ್ಪಾಕ್ ಪಾತ್ರದಿಂದ ದೊಡ್ಡ ಹೆಸರು ಬಂತು. ಆ ಹೆಸರನ್ನ ಅವರು ಹೇಗೆ ಬಳಸಿದರು ನೋಡಿ. ನಿಕೋಲ್ಸ್ ಅವರಿಗೆ ಸಹನಟರಿಗಿಂತ ಕಡಿಮೆ ಸಂಬಳ ಅಂತ ಗೊತ್ತಾದಾಗ ನಿಮೋಯ್ ಹೋಗಿ ಆಡಳಿತದವರ ಹತ್ತಿರ ಮಾತಾಡಿ ಸರಿಪಡಿಸಿದರು ಅಂತ ಸಹನಟ ವಾಲ್ಟರ್ ಕೊಯೆನಿಗ್ ಹೇಳಿದ್ದಾರೆ. 1973ರಲ್ಲಿ ಸ್ಟಾರ್ ಟ್ರೆಕ್ ಕಾರ್ಟೂನ್ ಸರಣಿ ಮಾಡುವಾಗ ಹಣ ಉಳಿಸೋಕೆ ಅಂತ ನಿಕೋಲ್ಸ್ ಮತ್ತು ಜಪಾನಿ ಮೂಲದ ಜಾರ್ಜ್ ಟಕೇ ಇಬ್ಬರನ್ನೂ ಬಿಟ್ಟು, ಅವರ ಪಾತ್ರಗಳಿಗೆ ಬಿಳಿಯರಿಂದ ದನಿ ಕೊಡಿಸೋ ಯೋಚನೆ ಇತ್ತು. ಅವರಿಬ್ಬರನ್ನ ತಗೊಳ್ಳದಿದ್ದರೆ ನಾನೂ ಬರಲ್ಲ ಅಂದುಬಿಟ್ಟರು ನಿಮೋಯ್. ತಗೊಂಡರು. ನಿಮೋಯ್ ಮಾಡಿದ ಎರಡೂ ಕೆಲಸಕ್ಕೆ ಭಾಷಣ ಬೇಕಾಗಲಿಲ್ಲ. ಒಂದು ಸಂಬಳದ ಚೀಟಿ, ಒಂದು ಕಾಂಟ್ರಾಕ್ಟು. ಸವರ್ಣ ಗೆಳೆಯರು 'ನಾವೇನು ಮಾಡಬಹುದು' ಅಂತ ಕೇಳ್ತಿರ್ತಾರಲ್ಲ, ಅವರಿಗೆ ನಾನು ಕೊಡೋ ಉತ್ತರ ಇದು.

ಪರದೆ ಹಿಂದಿನವರು ಇನ್ನೂ ಇದ್ದಾರೆ. ಡೊರೊತಿ ಫೊಂಟಾನಾ ರಾಡೆನ್‌ಬೆರಿ ಅವರ ಸೆಕ್ರೆಟರಿ ಆಗಿದ್ದರು. ನಮ್ಮ ಥರ ಟೈಪಿಂಗು, ಫೈಲು. ಮೂವತ್ತು ತುಂಬೋ ಮೊದಲೇ ಆ ಸರಣಿಯ ಕಥಾ ಸಂಪಾದಕಿ ಆದರು. ಸ್ಪಾಕ್‌ಗೆ ಅಪ್ಪ ಅಮ್ಮ ಅಂತ ಇರೋ ಕಂತು ಬರೆದವರು ಅವರೇ. ಹೆಣ್ಣು ಅಂತ ಗೊತ್ತಾದರೆ ಓದದೇ ಪಕ್ಕಕ್ಕಿಡ್ತಾರೆ ಅಂತ 'ಡಿ.ಸಿ. ಫೊಂಟಾನಾ' ಅನ್ನೋ ಇನಿಶಿಯಲ್ಲಿನ ಹಿಂದೆ ನಿಂತು ಬರೆದರು. 2019ರಲ್ಲಿ ತೀರಿಕೊಂಡರು.

ವಾ ಚಾಂಗ್, ಚೀನೀ ಮೂಲದ ಶಿಲ್ಪಿ, ಯೌವನದಲ್ಲೇ ಪೋಲಿಯೊ ಆಗಿದ್ದವರು. ಮುಚ್ಚಳ ತೆರೆದು ಮಾತಾಡೋ ಆ ಪುಟ್ಟ ಕಮ್ಯುನಿಕೇಟರ್ ಇದೆಯಲ್ಲ, ನಮ್ಮ ಹಳೇ ಫ್ಲಿಪ್ ಮೊಬೈಲ್ ನೋಡಿದರೆ ನೆನಪಾಗೋದು, ಅದು ಅವರ ಕೈಕೆಲಸ. ಒಕ್ಕೂಟದ ಸದಸ್ಯತ್ವ ಇರಲಿಲ್ಲ, ಹೆಸರು ಪರದೆ ಮೇಲೆ ಬರಲಿಲ್ಲ. 2003ರಲ್ಲಿ ಹೋದರು.

ಶೀರ್ಷಿಕೆ ಸಂಗೀತ ಮಾಡಿದ ಅಲೆಕ್ಸಾಂಡರ್ ಕರೇಜ್ ತೀರಿಕೊಂಡಿದ್ದು 2008ರಲ್ಲಿ. ರಾಡೆನ್‌ಬೆರಿ ಆ ಸಂಗೀತಕ್ಕೆ ಸಾಹಿತ್ಯ ಅಂತ ಒಂದಿಷ್ಟು ಸಾಲು ಬರೆದರು. ಅದನ್ನ ಯಾರೂ ಹಾಡಲಿಲ್ಲ, ಆದರೆ ರಾಯಧನದಲ್ಲಿ ಅರ್ಧ ಪಾಲು ಅವರಿಗೆ ಹೋಯ್ತು. ಉಹುರಾಳನ್ನ ಆ ನೌಕೆಗೆ ತಂದದ್ದೂ ಅದೇ ರಾಡೆನ್‌ಬೆರಿ, ಅದನ್ನ ಯಾರೂ ಅಲ್ಲಗಳೆಯಬೇಕಿಲ್ಲ. ಎರಡನ್ನೂ ಬರೆದಿಟ್ಟರೇ ಲೆಕ್ಕ ತಾಳೆ ಆಗೋದು.

ಇಷ್ಟೆಲ್ಲ ಯಾಕೆ, ಅಮೆರಿಕದ ಟಿವಿಗೂ ನಮಗೂ ಏನು ಅಂತ ಕೆಲವರು ಕೇಳ್ತೀರಿ. ಬಾಬಾಸಾಹೇಬರು 1946ರಲ್ಲೇ ಡು ಬಾಯ್ಸ್ ಅವರಿಗೆ ಪತ್ರ ಬರೆದಿದ್ದರು. 1972ರಲ್ಲಿ ಮುಂಬೈನ ನಮ್ಮ ಹುಡುಗರು ಬ್ಲ್ಯಾಕ್ ಪ್ಯಾಂಥರ್ ನೋಡಿ ದಲಿತ ಪ್ಯಾಂಥರ್ ಕಟ್ಟಿದರು. ಅಲ್ಲಿಯ ಜನರ ಅನುಭವ ನಮಗೆ ಯಾವತ್ತೂ ದೂರದ್ದಲ್ಲ.

ಇನ್ನು ಕೆಲವು ಸಂಗಾತಿಗಳು ಇದೆಲ್ಲ ಬರೀ ಟೋಕನ್ ಪ್ರಾತಿನಿಧ್ಯ, ಮೂಲೆಯ ಕುರ್ಚಿಯಿಂದ ಏನೂ ಆಗಲ್ಲ ಅಂತೀರಿ. ಅದನ್ನ ನಾನು ಒಪ್ಪಲ್ಲ. 1977ರಲ್ಲಿ ನಿಕೋಲ್ಸ್ ಅವರೇ ನಾಸಾ ಪರವಾಗಿ ಊರೂರು ತಿರುಗಿ ಹೆಣ್ಣುಮಕ್ಕಳು, ಕಪ್ಪು ಜನ ಅರ್ಜಿ ಹಾಕಿ ಅಂತ ಕರೆದರು. 1978ರಲ್ಲಿ ನಾಸಾ ಆರಿಸಿದ 35 ಜನರಲ್ಲಿ ಆರು ಮಹಿಳೆಯರು, ಮೂವರು ಆಫ್ರಿಕನ್ ಅಮೆರಿಕನ್ನರು. 1992ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಕಪ್ಪು ಮಹಿಳೆ ಮೇ ಜೆಮಿಸನ್, ಉಹುರಾಳನ್ನ ನೋಡಿ ಬೆಳೆದವಳು ನಾನು ಅಂದರು. ಕಿಂಗ್ ಹೇಳಿದ್ದು ಸರಿಯೇ ಇತ್ತು.

ಆದರೆ ನಾವೂ ದಿನಾ ಅದೇ ಮಾತು ಹೇಳ್ತೀವಿ. ಆಯೋಗದಲ್ಲಿ, ವಿಶ್ವವಿದ್ಯಾಲಯದಲ್ಲಿ, ಚಾನೆಲ್ ಚರ್ಚೆಯಲ್ಲಿ, ಆಫೀಸಲ್ಲಿ ನಮ್ಮವರು ಒಬ್ಬರೇ ಇರ್ತಾರೆ. ಅವಮಾನ ತಡೆಯಲಾರದೆ ಬಿಡ್ತೀನಿ ಅಂದಾಗ 'ಬಿಡಬೇಡಮ್ಮ, ಸಮುದಾಯಕ್ಕೋಸ್ಕರ ಇರು' ಅಂತೀವಿ. ಹೇಳಿ ಮನೆಗೆ ಬರ್ತೀವಿ. ಅವಳ ಬಡ್ತಿ ತಡೆದಾಗ ಎಷ್ಟು ಜನ ಜೊತೆಗೆ ಹೋಗಿ ಕೇಳಿದ್ದೀವಿ? ಅವಳ ಹೆಸರು ಪಟ್ಟಿಯಿಂದ ಬಿಟ್ಟಾಗ? ಕುರ್ಚಿ ಬಿಡಬೇಡ ಅನ್ನೋ ಹಕ್ಕು, ಆ ಕುರ್ಚಿ ಪಕ್ಕ ನಿಲ್ಲೋಕೆ ತಯಾರಿರೋರಿಗೆ ಮಾತ್ರ ಅಂತ ನನ್ನ ಅಭಿಪ್ರಾಯ. ನಿಕೋಲ್ಸ್ ಕೊನೆಗಾಲದಲ್ಲಿ ಮರೆವಿನ ಕಾಯಿಲೆಯಿಂದ ನರಳಿದರು. ಅವರ ಪಾಲನೆ ಯಾರದ್ದು ಅನ್ನೋ ವಿಷಯ ಕೋರ್ಟಿಗೆ ಹೋಯ್ತು. ಪ್ರತೀಕ ಅಂತ ಹೊತ್ತು ಮೆರೆಸಿದವರಿಗೂ ಮುಪ್ಪು ಬರುತ್ತೆ, ಖರ್ಚಿರುತ್ತೆ, ಒಂಟಿತನ ಇರುತ್ತೆ ಅನ್ನೋದನ್ನ ಮರೀಬಾರದು.

2024ರ ಜನವರಿ 8ರಂದು ಒಂದು ರಾಕೆಟ್ ಹಾರಿತು. ಅದರ ಹೆಸರು ವಲ್ಕನ್, ಸ್ಪಾಕ್‌ನ ಗ್ರಹದ ಹೆಸರೂ ಅದೇ. ನಿಕೋಲ್ಸ್, ರಾಡೆನ್‌ಬೆರಿ, ಕೆಲ್ಲಿ, ಡೂಹನ್ ಇವರ ಚಿತಾಭಸ್ಮದ ಚೂರುಗಳು ಅದರಲ್ಲಿ ಒಟ್ಟಿಗೆ ಹೋಗಿ ಈಗ ಸೂರ್ಯನ ಸುತ್ತ ತಿರುಗ್ತಿವೆ. ನಮ್ಮಲ್ಲಿ ಎಷ್ಟೋ ಊರಲ್ಲಿ ಇವತ್ತಿಗೂ ಹೆಣಕ್ಕೂ ಬೇರೆ ಸ್ಮಶಾನ, ಅದೂ ಇಲ್ಲದೆ ರಸ್ತೆ ಬದಿ. ಅದಕ್ಕೇ ಆ ಸುದ್ದಿ ಓದಿ ಖುಷಿಯಾಯ್ತು, ಹೊಟ್ಟೆಯೂ ಉರೀತು. ಆದರೆ ಬೂದಿಗೆ ಸಿಕ್ಕ ಸಮಾನ ಜಾಗ ಬದುಕಿದ್ದಾಗ ಸಂಬಳದ ಚೀಟಿಯಲ್ಲಿ, ಹೆಸರಿನ ಪಟ್ಟಿಯಲ್ಲಿ ಸಿಗಬೇಕಿತ್ತು.

ಮುಂದಿನ ಸೆಪ್ಟೆಂಬರ್ 8ಕ್ಕೆ ಯಾರಾದರೂ ಸ್ಟಾರ್ ಟ್ರೆಕ್ ಬಗ್ಗೆ ಬರೆದರೆ ವಾ ಚಾಂಗ್ ಹೆಸರು ಸೇರಿಸಿ, ಡೊರೊತಿ ಅನ್ನೋ ಪೂರ್ತಿ ಹೆಸರು ಬರೀರಿ. ಅದಕ್ಕೂ ಮೊದಲು, ನೀವು 'ಬಿಡಬೇಡ' ಅಂತ ಹೇಳಿ ಬಂದ ಆ ಒಬ್ಬರಿಗೆ ಇವತ್ತು ಒಂದು ಫೋನ್ ಮಾಡಿ. ಹೇಗಿದ್ದೀಯ ಅಂತ ಕೇಳಿ. ಆಮೇಲೆ ಸಂಬಳ, ಬಡ್ತಿ, ಹೆಸರು, ಈ ಮೂರರಲ್ಲಿ ಎಲ್ಲಿ ತಡೆಯಾಗಿದೆ ಅಂತಲೂ ಕೇಳಿ.

ಜೈಭೀಮ್.