ಸ್ಪೀಡ್ ಬೇಕಂದ್ರ ಕೈ ಸಡಿಲ ಬಿಡ್ರಿ

ಫೆಸ್ಟ್ ಹತ್ತಿರ ಬಂತಂದ್ರ ಹಾಸ್ಟೆಲ್ ಕಾರಿಡಾರಿನಲ್ಲಿ ಗಿಟಾರುಗಳ ರೇಸ್ ಶುರು. ಯಾರು ಎಷ್ಟು ಫಾಸ್ಟ್ ನುಡಿಸ್ತಾರೆ ಅನ್ನೋದೇ ಲೆಕ್ಕ. ಎಷ್ಟು ಸ್ವರ ಸ್ಪಷ್ಟವಾಗಿ ಕೇಳಿಸಿದವು ಅಂತ ಯಾರೂ ಕೇಳೋದಿಲ್ಲ. ನಮ್ಮ ಅಭಿಪ್ರಾಯ ಇಷ್ಟೇ: ವೇಗ ತೋಳಿನ ಬಲದಿಂದ ಬರಲ್ಲ, ಚಲನೆಯ ಉಳಿತಾಯದಿಂದ ಬರುತ್ತದೆ.

ಎಂಜಿನಿಯರಿಂಗ್ ಓದೋರು ನಾವು, ಲೆಕ್ಕ ಹಾಕೋಣ. ಮೆಟ್ರೊನೋಮ್ 120ಕ್ಕೆ ಇಟ್ಟು ಬೀಟಿಗೆ ನಾಲ್ಕು ಸ್ವರ ನುಡಿಸಿದರೆ ಸೆಕೆಂಡಿಗೆ 8 ಹೊಡೆತ. ಪ್ರತಿ ಹೊಡೆತಕ್ಕೆ ಪಿಕ್ 1 ಸೆಂ.ಮೀ. ಸರಿದರೆ ಸೆಕೆಂಡಿಗೆ 8 ಸೆಂ.ಮೀ. ಓಡಾಟ. 3 ಮಿ.ಮೀ.ನಲ್ಲೇ ಮುಗಿಸಿದರೆ 2.4 ಸೆಂ.ಮೀ. ಸಾಕು. ಅದೇ ಸ್ವರ, ಮೂರನೇ ಒಂದು ಪಾಲಿಗಿಂತ ಕಡಿಮೆ ದಾರಿ. ಇನ್ನು ಬರೀ ಡೌನ್ ಹೊಡೆದರೆ ಕೈ ವಾಪಸ್ ಬರೋ ದಾರಿಯೆಲ್ಲ ವೇಸ್ಟ್. ಒಂದು ಡೌನ್, ಒಂದು ಅಪ್ ನುಡಿಸಿದ್ರ ಆ ದಾರಿಗೂ ಒಂದು ಸ್ವರ ಸಿಗುತ್ತದೆ.

ಇದು ಹೊರಗಿಂದ ಬಂದ ವಿದ್ಯೆ ಅಂತೇನೂ ಅಲ್ಲ. ಸಿತಾರಿನಲ್ಲಿ ಮಿಜ್ರಾಬ್ ತೊಟ್ಟ ಬೆರಳಿನ ಒಂದು ಹೊಡೆತ 'ದಾ', ವಾಪಸ್ ಬರುವ ಹೊಡೆತ 'ರಾ'. ಧಾರವಾಡದಲ್ಲಿ ರಹಿಮತ್ ಖಾನರಿಂದ ಮೊಮ್ಮಗ ಬಾಲೇ ಖಾನರವರೆಗೆ ಮೂರು ತಲೆಮಾರು ಸಿತಾರ್ ನುಡಿಸಿದೆ. ಸಿತಾರ್ ಕಛೇರಿಯ ಕ್ರಮವನ್ನೇ ನೋಡ್ರಿ: ಮೊದಲು ಆಲಾಪ, ಆಮೇಲೆ ವಿಲಂಬಿತ, ದ್ರುತ, ಕಡೆಗೆ ಝಾಲಾ. ವೇಗದ ಪಾಳಿ ಕೊನೆಗೆ.

ಕಲಬುರಗಿಯ ಬಿಸಿಲು 40 ಡಿಗ್ರಿ ದಾಟಿದರೆ ಬೆವರಿಗೆ ಪಿಕ್ ಜಾರುತ್ತದೆ. ಜಾರಿದ ಕೂಡಲೇ ಬಿಗಿಯಾಗಿ ಹಿಡಿಯುತ್ತೇವೆ, ಮುಂಗೈ ಗಟ್ಟಿಯಾಗುತ್ತದೆ, ವೇಗ ಬೀಳುತ್ತದೆ. ಕರ್ಚೀಫ್ ಪಕ್ಕದಲ್ಲಿರಲಿ. ಮೇಲ್ಮೈ ಒರಟಾಗಿರೋ ಪಿಕ್ ಇನ್ನೂ ಒಳ್ಳೇದು.

ಕಮಲಾಪುರದಿಂದ ದಿನಾ ಬಸ್ಸಿಗೆ ಬರೋ ನಮ್ಮ ಗೆಳೆಯರು 'ಪ್ರಾಕ್ಟೀಸಿಗೆ ಟೈಮೆಲ್ಲಿ?' ಅಂತಾರೆ. ಭಾನುವಾರದ ಮೂರು ತಾಸಿಗಿಂತ ದಿನಾ ಹದಿನೈದು ನಿಮಿಷ ಮೇಲು. ಅವರೂರಿನ ಕೆಂಪು ಬಾಳೆಯೂ ಬೇರೆ ಬಾಳೆಗಿಂತ ತಡವಾಗಿಯೇ ಗೊನೆ ಕೊಡುತ್ತದಲ್ಲ! 60ರಿಂದ ಶುರು ಮಾಡ್ರಿ. ಮೂರು ಸಲ ತಪ್ಪದೇ ಬಂದರೆ 4 ಏರಿಸ್ರಿ, ತಪ್ಪಿದರೆ ಇಳಿಸ್ರಿ.

ಹಂಗಂತ ಬರೀ ನಿಧಾನಕ್ಕೆ ನುಡಿಸಿದ್ರೂ ಸಾಲದು. ನಿಧಾನದಲ್ಲಿ ದೊಡ್ಡ ಹೊಡೆತವೂ ನಡೆದುಹೋಗುತ್ತದೆ, ಗೊತ್ತೇ ಆಗಲ್ಲ. ಅದಕ್ಕೇ ನಡುನಡುವೆ ಐದಾರು ಸ್ವರ ಮಾತ್ರ ಪೂರ್ತಿ ವೇಗದಲ್ಲಿ ನುಡಿಸಿ, ಕೈ ಅದೇ ಚಲನೆ ಮಾಡ್ತಿದೆಯಾ ಅಂತ ಫೋನಿನಲ್ಲಿ ವಿಡಿಯೊ ಮಾಡಿ ನೋಡ್ರಿ. ಎಡಗೈ ಬೆರಳು ಫ್ರೆಟ್ ಒತ್ತೋದಕ್ಕೂ ಪಿಕ್ ತಂತಿ ಮುಟ್ಟೋದಕ್ಕೂ ಹೊಂದದಿದ್ದರೆ ಬಲಗೈ ಎಷ್ಟು ಓಡಿದರೂ ಕೇಳಿಸೋದು ಬರೀ ಗದ್ದಲ.

ಮಣಿಕಟ್ಟು ನೋಯ್ತಂದ್ರ ಅಲ್ಲಿಗೇ ನಿಲ್ಲಿಸ್ರಿ. ನೋವು ಸಹಿಸಿದರೆ ಮಾತ್ರ ಗಿಟಾರಿಸ್ಟ್ ಅನ್ನೋ ಮಾತು ನಂಬಬ್ಯಾಡ್ರಿ. ಬಲಗೈಯವರು ಮೂರು ತಾಸಿನ ಪರೀಕ್ಷೆ ಬರೆಯಬೇಕಾದದ್ದೂ ಇದೇ ಕೈಯಿಂದ. ಮುಂದಿನ ಫೆಸ್ಟ್ ನಡೆಸೋರಿಗೆ ನಮ್ಮದೊಂದು ವಿನಂತಿ: ಸ್ಪೀಡಿಗೆ ಎಷ್ಟು ಅಂಕ ಇಡ್ತೀರೋ ಅಷ್ಟೇ ಸ್ಪಷ್ಟತೆಗೂ ಇಡ್ರಿ. ಕಾರಿಡಾರಿನ ಪ್ರಾಕ್ಟೀಸ್ ತಾನಾಗೇ ಬದಲಾಗುತ್ತದೆ.